ಪಲ್ಜೆಸ್ ಕರೆದ ಹೆಸರು

ನಮ್ಮ ಲುಂಗ್‌ಮೊ ಊರಲ್ಲಿ ಪಲ್ಜೆಸಳ ಬಾಯಿಗೆ ಹೆದರದವರು ಇಬ್ಬರೇ ಇಬ್ಬರು. ಒಬ್ಬರು ಗುಡ್ಡದ ಮೇಲಿನ ಗೊಂಪಾ ಮಠದ ಮುದಿ ಲಾಮಾ ಮೆಮೆ ಛೋಫೆಲ್; ಮೆಮೆ ಅಂದರೆ ಅಜ್ಜ. ಅವರಿಗೆ ಕಿವಿ ಮಂದ. ಇನ್ನೊಬ್ಬಳು ನಾದಿನಿ ಯಾಂಗ್‌ಡೋಲ್. ಅವಳ ಬಾಯಿ ಇನ್ನೂ ಒಂದು ಕೈ ಮೇಲು. ಉಳಿದವರೆಲ್ಲ, ಪಲ್ಜೆಸ್ ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವುದು ಕಂಡರೆ ತೆಪ್ಪಗೆ ದಾರಿ ಬಿಡುವವರೇ. ಗಂಡ ಮೊರುಪ್ ಅಂತೂ ಮದುವೆಯಾದ ಲಾಗಾಯ್ತು ದಾರಿ ಬಿಟ್ಟೇ ನಿಂತಿದ್ದಾನೆ. ಒಳ್ಳೆಯ ಮನುಷ್ಯ, ಪಾಪ. ಇಡೀ ಚಳಿಗಾಲ ಒಲೆಯ ಬಲಮಗ್ಗುಲಲ್ಲಿ ಕೂತು ಉಣ್ಣೆ ನೂಲುತ್ತಾನೆ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಝೋಮೊ ಹಾಲು ಕೊಡುತ್ತಿಲ್ಲ ಅಂದರೂ ಹೂಂ, ಮಾಡಿನ ಮೇಲಿನ ಹಿಮ ತಳ್ಳದಿದ್ದರೆ ಮನೆ ತಲೆ ಮೇಲೆ ಬೀಳುತ್ತದೆ ಅಂದರೂ ಹೂಂ. ಕಡೆಗೆ ಮಾಡು ಹತ್ತಿ ಹಿಮ ತಳ್ಳುವವಳು ಪಲ್ಜೆಸಳೇ.

ಅಷ್ಟು ಮಾತಾಡುವ ಹೆಂಗಸು ಒಂದೇ ಒಂದು ಮಾತನ್ನು ಆರು ಚಳಿಗಾಲದಿಂದ ಗಂಟಲಲ್ಲಿ ಹಿಡಿದುಕೊಂಡಿದ್ದಳು. ಅದು ಅವಳ ಮಗನ ಹೆಸರು.

ಒಬ್ಬನೇ ಮಗ. ಹೆಪ್ಪುಗಟ್ಟಿದ ನದಿಯ ಮೇಲೆ ಪದುಮ್ ಕಡೆಗೆ ಹೊರಟವನು, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಗೆಳೆಯರು ದಡದಂಚಿನಲ್ಲಿ ನಡೆದರು, ಇವನು ನಡುವೆ ನಡೆದ. ಮಂಜುಗಡ್ಡೆ ಬಾಯಿ ಬಿಟ್ಟಿತು. ಅವನು ಸಿಕ್ಕಿದ್ದು ವಸಂತದಲ್ಲಿ, ನದಿ ಒಡೆದ ಮೇಲೆ, ಎರಡು ಊರಿನಾಚೆ. ತಾಯಿಗೆ ಮುಖ ತೋರಿಸಲಿಲ್ಲ. ತೋರಿಸುವ ಹಾಗೆ ಇರಲಿಲ್ಲ ಅಂತ ಆಮೇಲೆ ಯಾರೋ ಅಂದರು. ಮೆಮೆ ಛೋಫೆಲ್ ಅವತ್ತು ಅವಳ ಎರಡೂ ಕೈ ಹಿಡಿದುಕೊಂಡು, "ಅಳಬೇಡಮ್ಮಾ. ನೀನು ಹಾಕಿದ ಕಣ್ಣೀರು ಅವನ ದಾರಿ ಮೇಲೆ ಆಲಿಕಲ್ಲಾಗಿ ಬೀಳುತ್ತೆ. ಹೆಸರು ಹಿಡಿದು ಕರೀಬೇಡ. ಕರೆದ್ರೆ ತಿರುಗಿ ನೋಡ್ತಾನೆ. ತಿರುಗಿ ನೋಡಿದೋನಿಗೆ ಮುಂದಿನ ಜನ್ಮದ ದಾರಿ ಕಾಣ್ಸಲ್ಲ," ಎಂದರು.

ಇದೇನು ಹೊಸದಲ್ಲ, ನಮ್ಮಲ್ಲಿ ಎಲ್ಲರಿಗೂ ಹೇಳುವುದೇ. ಆದರೂ ಸಾಮಾನ್ಯವಾಗಿ ತಾಯಂದಿರು ಕೊಟ್ಟಿಗೆಗೆ ಹೋಗಿ, ದನದ ಕುತ್ತಿಗೆ ತಬ್ಬಿಕೊಂಡು, ಒಂದಿಷ್ಟು ಅತ್ತು ಬರುತ್ತಾರೆ. ಕಂಡವರೂ ಕಾಣದ ಹಾಗೆ ಇರುತ್ತಾರೆ. ಪಲ್ಜೆಸ್ ಅದನ್ನೂ ಮಾಡಲಿಲ್ಲ. ಒಂದು ಹನಿ ಹಾಕಲಿಲ್ಲ. ಅದೇನು ಮಹಾ ಅನ್ನುವವರು ತಾವು ಮಾಡಿ ನೋಡಲಿ. ಊರಿನವರೂ ಅವಳ ಜೊತೆ ನಿಂತರು. ಅದೇ ಹೆಸರಿನ ಇನ್ನೊಬ್ಬ ಹುಡುಗನಿದ್ದ ಊರಲ್ಲಿ. ಅವನ ತಾಯಿ ಯಾರೂ ಹೇಳದೆಯೇ ಮಗನನ್ನು ಗೊಂಪಾಕ್ಕೆ ಕರೆದುಕೊಂಡು ಹೋಗಿ ಹೆಸರು ಬದಲಾಯಿಸಿಕೊಂಡು ಬಂದಳು. ಅಂಗಳದಲ್ಲಿ ಕೂಗುವಾಗ ಪಲ್ಜೆಸಳ ಕಿವಿಗೆ ಬಿದ್ದೀತು ಅಂತ. ಹಾಗಾಗಿ ಆ ಹೆಸರು ಲುಂಗ್‌ಮೊದಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ 'ಹೋದವನು' ಅನ್ನುತ್ತಾರೆ, ಅದೂ ಅಪರೂಪಕ್ಕೆ. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಓದುವವರು ದಯವಿಟ್ಟು ಬೇಸರ ಮಾಡಿಕೊಳ್ಳಬಾರದು.

ಇಂಥ ಊರಿಗೆ ಸಿನಿಮಾದವರು ಬಂದರು. ಹೊಸವರ್ಷದ ಲೊಸಾರ್ ಹಬ್ಬ ಮುಗಿದು, ಛಾಂಗ್ ಹೆಂಡ ತಳ ಕಂಡು, ಎಲ್ಲರೂ ಒಲೆ ಸುತ್ತ ಮುದುರಿಕೊಂಡಿದ್ದ ಕಾಲ. ನಮಗೆ ಬೇಡವಾಗಿ ಬಿದ್ದಿದ್ದ ಹಿಮವನ್ನು ಹುಡುಕಿಕೊಂಡು ಮುಂಬೈಯಿಂದ ಇಷ್ಟು ದೂರ ಬಂದಿದ್ದರು! ಗಾಡಿಯಿಂದ ಇಳಿದವರೇ ಹಿಮ ಕಂಡು ಕೈಚಪ್ಪಾಳೆ ತಟ್ಟಿದರು. ಮೂರನೇ ದಿನಕ್ಕೆ ಚಪ್ಪಾಳೆ ತಟ್ಟಲು ಬೆರಳು ಬಗ್ಗದಾಯಿತು.

ಹೋಟೆಲು ಎಂಬುದಿಲ್ಲದ ಊರು; ಮನೆಗಿಷ್ಟು ಮಂದಿ ಎಂದು ಹಂಚಿದರು. ಹಂಚಿದವನು ಲೇಹ್‌ನ ನಮ್ಗೈಲ್. ಅವರ ವ್ಯವಸ್ಥೆ ನೋಡಿಕೊಳ್ಳುವವನೂ ಅವನೇ, ನಮ್ಮ ಮಾತನ್ನು ಅವರಿಗೂ ಅವರ ಮಾತನ್ನು ನಮಗೂ ದಾಟಿಸುವವನೂ ಅವನೇ. ಪಲ್ಜೆಸಳ ಪಾಲಿಗೆ ಬಂದವನು ಪರಾಗ್ ಎಂಬ ನಟ, ಪುಣೆಯ ಹುಡುಗ. ತಂದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು, ಬಾಗಿಲಲ್ಲಿ ಸಿಕ್ಕಿಕೊಳ್ಳುವಷ್ಟು ದಪ್ಪವಾಗಿ ಒಳಗೆ ಬಂದ. ಬಿಚ್ಚಿದ ಮೇಲೆ ನೋಡಿದರೆ ಒಳಗೆ ಒಂದು ಕಡ್ಡಿ.

ಮೊದಲ ದಿನ ಅವನ ಮುಂದೆ ಬೆಣ್ಣೆ ಹಾಕಿದ ಉಪ್ಪು ಚಹಾ ಇಟ್ಟಳು. ಒಂದು ಗುಟುಕು ಕುಡಿದರೆ ಮತ್ತೆ ಕಂಠಪೂರ್ತಿ ತುಂಬುವುದು ನಮ್ಮ ರೀತಿ. ಸಾಕಾದವನು ಬಟ್ಟಲನ್ನು ಹಾಗೇ ಬಿಡಬೇಕು. ಹುಡುಗನಿಗೆ ಅದು ಗೊತ್ತಿಲ್ಲ. ಬಟ್ಟಲು ಖಾಲಿ ಮಾಡುವುದೇ ಮರ್ಯಾದೆ ಅಂದುಕೊಂಡು ಕಣ್ಣು ಮುಚ್ಚಿ ಕುಡಿದ. ಅವಳು ತುಂಬಿದಳು. ಅವನು ಕುಡಿದ. ಅವಳು ತುಂಬಿದಳು. ಕಡೆಗೆ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ.

"ಪರವಾಗಿಲ್ವೇ, ನಿಮ್ಮಣ್ಣನಿಗಿಂತ ಚೆನ್ನಾಗಿ ಕುಡೀತಾನೆ!" ಎಂದು ಪಲ್ಜೆಸ್ ನಾದಿನಿಗೆ ಹೇಳಿ ನಕ್ಕಳು. ಮರುದಿನದಿಂದ ಅವನಿಗೆ ಸಕ್ಕರೆ ಚಹಾ. ಅವನೂ "ಅಮಾ-ಲೆ, ಅಮಾ-ಲೆ" ಅನ್ನಲು ಕಲಿತ. ಅಮ್ಮನನ್ನು ನಾವು ಹಾಗೆ ಕರೆಯುತ್ತೇವೆ. ಊರಿನ ಯಾವ ಹೆಂಗಸನ್ನಾದರೂ ಹಾಗೇ ಕರೆಯುತ್ತೇವೆ. ಆದರೂ ಆ ಮನೆಯೊಳಗೆ ಆ ಮಾತು ಕೇಳಿ ಬಹಳ ಕಾಲವಾಗಿತ್ತು. ಮೊದಲ ಸಲ ಕೇಳಿದಾಗ ಪಲ್ಜೆಸ್ ಒಲೆಗೆ ಬೆರಣಿ ಹಾಕುವ ನೆವದಲ್ಲಿ ಆ ಕಡೆ ತಿರುಗಿಕೊಂಡಳು.

ಸಿನಿಮಾದ ಕತೆಯಲ್ಲಿ ಒಬ್ಬಳು ತಾಯಿ. ಆ ವೇಷಕ್ಕೆಂದು ಮುಂಬೈಯಿಂದ ಬಂದಿದ್ದ ದೊಡ್ಡ ನಟಿಗೆ ಈ ಎತ್ತರ ಒಗ್ಗಲಿಲ್ಲ. ತಲೆ ಹಿಡಿದುಕೊಂಡು ಮಲಗಿದವಳು ಏಳಲಿಲ್ಲ. ಹೆಲಿಕಾಪ್ಟರ್ ತರಿಸಿ ವಾಪಸು ಕಳಿಸಿದರು. ನಿರ್ದೇಶಕಿ ವಿಭಾ ಸಾಠೆ ತಲೆ ಮೇಲೆ ಕೈ ಹೊತ್ತು ಕೂತಳು. ತುಟಿ ಬಿರಿದು, ಮೂಗಿನ ತುದಿ ಸುಲಿದು, ಆದರೂ ಬೆಳಕು ಹರಿಯುವ ಮೊದಲೇ ಮೊಣಕಾಲುದ್ದ ಹಿಮದಲ್ಲಿ ನಿಂತಿರುತ್ತಿದ್ದ ಹೆಂಗಸು. ಹಠಮಾರಿ, ಕೆಟ್ಟವಳಲ್ಲ. ಅವಳು ಹಾಗೆ ಕೂತಿದ್ದಾಗಲೇ ಪಲ್ಜೆಸ್ ಗುಡುಗುತ್ತ ಇಳಿದು ಬಂದಳು. ದೀಪದವರು ತಮ್ಮ ಕಬ್ಬಿಣದ ಸ್ಟ್ಯಾಂಡುಗಳನ್ನೆಲ್ಲ ಅವಳ ಬೆರಣಿ ರಾಶಿಯ ಮೇಲೆ ಪೇರಿಸಿದ್ದರು.

"ಯಾವನೋ ಅವ್ನು, ನನ್ನ ಬೆರಣಿ ಮೇಲೆ ಕಬ್ಬಿಣ ಹೇರಿದೋನು? ಬೇಸಿಗೆಯೆಲ್ಲಾ ಸೊಂಟ ಮುರ್ಕೊಂಡು ತಟ್ಟಿದೀನಿ. ಏನು, ನಿಮ್ಮಪ್ಪನ ಮನೆ ಜಗಲಿ ಅಂದ್ಕೊಂಡ್ರಾ? ಪುಡಿಯಾದ್ರೆ ನಿಮ್ಮನ್ನೇ ಒಲೆಗೆ ಹಾಕ್ತೀನಿ, ನೋಡ್ತಿರಿ!"

ವಿಭಾ ಎದ್ದು ನಿಂತಳು. ಒಂದು ಮಾತೂ ಅರ್ಥವಾಗಿರಲಿಲ್ಲ. "ನಮ್ಗೈಲ್, ಇವರೇ. ನನಗೆ ಇವರೇ ಬೇಕು," ಎಂದಳು.

ಪಲ್ಜೆಸ್ ಮೊದಲು ಒಪ್ಪಲಿಲ್ಲ. ಒಪ್ಪಿಸಿದವಳು ಯಾಂಗ್‌ಡೋಲ್. "ಅಯ್ಯೋ ಶಿವನೇ" ಅನ್ನುವ ಕಡೆ ನಾವು "ಕೊಂಛೋಕ್" ಅನ್ನುತ್ತೇವೆ, ಹಾಗೆ ಅಂದು, ಕೆನ್ನೆಗೆ ಕೈ ಹಚ್ಚಿಕೊಂಡು, "ನಮ್ಮತ್ತಿಗೆ ಮುಖಾನ ಗೋಡೆಯಷ್ಟಗಲ ಮಾಡಿ ತೋರಿಸ್ತಾರಾ? ಜನ ಟಿಕೆಟ್ ಕಾಸು ವಾಪಸ್ ಕೊಡಿ ಅಂತ ಗಲಾಟೆ ಮಾಡ್ತಾರಷ್ಟೆ," ಎಂದಳು.

"ಬರ್ತೀನಿ ಅಂತ ಹೇಳೋ ಆ ಮೇಡಮ್ಮಿಗೆ," ಎಂದಳು ಪಲ್ಜೆಸ್ ನಮ್ಗೈಲ್‌ಗೆ.

ಆಮೇಲೆ ತಾನೇ ಕತೆ ಕೇಳಿದ್ದು. ಕಳೆದ ಕುರಿಗಳನ್ನು ಹುಡುಕಿಕೊಂಡು ಹೋದ ಮಗ ಹಿಮದಲ್ಲಿ ಬಿದ್ದು ಸತ್ತಿದ್ದಾನೆ. ತಾಯಿ ಹೋಗಿ ಅವನನ್ನು ಕಾಣುತ್ತಾಳೆ. ಅಳುತ್ತಾಳೆ. ನಮ್ಗೈಲ್ ನೆಲ ನೋಡಿಕೊಂಡು ಹೇಳಿ ಮುಗಿಸಿದ. ಮೊರುಪ್‌ನ ಕದಿರು ನಿಂತಿತು.

"ಬೇಡ ಕಣೇ," ಎಂದ ಮೊರುಪ್. ಮದುವೆಯಾದಂದಿನಿಂದ ಹೂಂ ಬಿಟ್ಟು ಬೇರೆ ಮಾತು ಆಡಿದ್ದು ಅದೇ ಮೊದಲಿರಬೇಕು.

"ಸುಳ್ಳು ಸಾವು ತಾನೇ? ಹುಡುಗ ನಮ್ಮನೇಲೇ ಉಂಡು ಗೊರಕೆ ಹೊಡೀತಿದಾನೆ," ಎಂದಳು ಅವಳು. ಆದರೂ ಮನಸ್ಸು ತಡೆಯಲಿಲ್ಲ; ಗೊಂಪಾ ಹತ್ತಿದಳು. ಮೆಮೆ ಛೋಫೆಲ್‌ರ ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಮೆಮೆ-ಲೆ! ಸಾಯದೇ ಇರೋನಿಗೆ ಅತ್ರೆ ಪಾಪಾನಾ?"

"ಸಾಯದೇ ಇರೋನಿಗೆ ಯಾಕಮ್ಮಾ ಅಳ್ತೀಯ?"

"ಸಿನಿಮಾಕ್ಕೆ!"

ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಳು, ಅಳು. ದಾರೀನೇ ಹಿಡೀದೋನ ಮೇಲೆ ಆಲಿಕಲ್ಲು ಎಲ್ಲಿಂದ ಬೀಳುತ್ತೆ? ಹೊಟ್ಟೆ ತುಂಬಾ ಅಳು, ಹೋಗು."

ಚಿತ್ರೀಕರಣ ಚೋರ್ತೆನ್ ಸ್ತೂಪದ ಕೆಳಗಿನ ಹೊಲದಲ್ಲಿ. ಊರಿಗೆ ಊರೇ ಗೋಡೆಯ ಮೇಲೆ ಗೋಣಿ ಹಾಸಿಕೊಂಡು, ಫ್ಲಾಸ್ಕು ಇಟ್ಟುಕೊಂಡು ಕೂತಿತು. ಪರಾಗ್‌ಗೆ ನಮ್ಮ ಉಣ್ಣೆಯ ನಿಲುವಂಗಿ, ಮಾಸಿದ ಗೋಂಚಾ ತೊಡಿಸಿ ಹಿಮದಲ್ಲಿ ಮಲಗಿಸಿದರು. ಪಲ್ಜೆಸ್ ನಡೆದು ಬಂದು ಅವನ ಪಕ್ಕ ಕೂತಳು. ಎಲ್ಲರೂ ಉಸಿರು ಬಿಗಿ ಹಿಡಿದರು. ಅಳು ಬರಲಿಲ್ಲ.

"ಇವನ ಮೂಗು ಅಲ್ಲಾಡ್ತಿದೆ ಕಣಪ್ಪಾ," ಎಂದು ಅವಳು ನಮ್ಗೈಲ್‌ನ ಕಡೆ ತಿರುಗಿದಳು. "ಸತ್ತೋರ ಮೂಗು ಹಿಂಗೆ ಮೊಲದ ಥರ ಆಡುತ್ತಾ?"

ಗೋಡೆ ಮೇಲಿನವರು ಬಿದ್ದು ಬಿದ್ದು ನಕ್ಕರು. ಹೆಣವೂ ನಕ್ಕಿತು. ಮತ್ತೆ ಮೊದಲಿಂದ. ಮತ್ತೆ ಅಳು ಬರಲಿಲ್ಲ. "ಅತ್ತಿಗೇ, ಈರುಳ್ಳಿ ತರಲಾ?" ಎಂದು ಯಾಂಗ್‌ಡೋಲ್ ಅಲ್ಲಿಂದಲೇ ಕೂಗಿದಳು. ಯಾರೋ ಕಣ್ಣಿಗೆ ಗ್ಲಿಸರಿನ್ ಹಾಕಿದರು. ಪಲ್ಜೆಸ್ ಕಣ್ಣುಜ್ಜಿಕೊಂಡು ಹಾಕಿದವನ ವಂಶದ ಏಳು ತಲೆಮಾರನ್ನು ಬೈದಳೇ ಹೊರತು ಅಳಲಿಲ್ಲ. ಬಿಸಿಲು ಜಾರುತ್ತಿತ್ತು. ವಿಭಾ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ, "ನಿಮ್ಮ ಜೀವನದಲ್ಲಿ ಹೋದವರು ಯಾರಾದರೂ ಇದ್ದರೆ ಅವರನ್ನು ನೆನಪು ಮಾಡಿಕೊಳ್ಳಿ ಅಂತ ಹೇಳು," ಎಂದಳು.

ನಮ್ಗೈಲ್ ಅದನ್ನು ದಾಟಿಸಲಿಲ್ಲ. "ಅಮಾ-ಲೆ, ಬಿಸಿ ಚಹಾ ಬೇಕಾ ಅಂತ ಕೇಳ್ತಿದಾರೆ," ಎಂದ. ಅವನದು ಅಂಥ ಮನಸ್ಸು.

ಇಷ್ಟರಲ್ಲಿ ಪರಾಗ್ ಬಹಳ ಹೊತ್ತಿನಿಂದ ಹಿಮದಲ್ಲಿ ಬಿದ್ದಿದ್ದ. ಮೂಗು ಅಲ್ಲಾಡಿಸಬಾರದೆಂದು ಈ ಸಲ ಹಲ್ಲು ಕಚ್ಚಿ, ಉಸಿರು ಹಿಡಿದು ಮಲಗಿದ್ದ. ಕ್ಯಾಮೆರಾ ಓಡತೊಡಗಿತು. ಪಲ್ಜೆಸ್ ಬಗ್ಗಿ ನೋಡಿದಳು. ಹುಡುಗನ ಕಿವಿ ನೀಲಿಗಟ್ಟಿತ್ತು. ತುಟಿಯಲ್ಲಿ ಬಣ್ಣವಿಲ್ಲ. ರೆಪ್ಪೆಯ ಮೇಲೆ ಹಿಮದ ಪುಡಿ ಕೂತಿತ್ತು, ಕರಗುತ್ತಿರಲಿಲ್ಲ. ಇವನಿಗೆ ನಿಜವಾಗಿಯೂ ಏನೋ ಆಗಿದೆ ಅಂದುಕೊಂಡಳು. ಕ್ಯಾಮೆರಾ ಮರೆತಳು, ಊರು ಮರೆತಳು. ತನ್ನ ಗೋಂಚಾದ ಸೊಂಟಪಟ್ಟಿ ಕಿತ್ತೆಸೆದು, ಗೋಂಚಾ ಬಿಚ್ಚಿ ಅವನ ಮೇಲೆ ಹೊದಿಸಿ, ಎರಡೂ ಕೈಯಲ್ಲಿ ಅವನ ಮುಖ ತಿಕ್ಕುತ್ತ, "ಏಳೋ, ಏಳೋ ಮಗನೇ, ಇಲ್ಲಿ ಮಲಗ್ತಾರೇನೋ? ಎದ್ದೇಳೋ," ಎಂದಳು. ಅವನು ಏಳಲಿಲ್ಲ; ಒಳ್ಳೆಯ ನಟ, ಪಾಪ. ಆಗ ಅವಳು ಆ ಹೆಸರು ಹಿಡಿದು ಕರೆದಳು.

ಒಂದೇ ಸಲ. ಗುಡ್ಡಕ್ಕೆ ಬಡಿದು ವಾಪಸು ಬರುವಷ್ಟು ಜೋರಾಗಿ.

ಯಾರೂ ಓ ಅನ್ನಲಿಲ್ಲ. ಅನ್ನುವವರು ಯಾರಿದ್ದರು? ಗೋಡೆಯ ಮೇಲಿನ ನಗು ನಿಂತುಹೋಗಿತ್ತು. ಯಾಂಗ್‌ಡೋಲ್‌ಳಂಥ ಯಾಂಗ್‌ಡೋಲ್ ಬಾಯಿಗೆ ಶಾಲಿನ ಅಂಚು ತುರುಕಿಕೊಂಡಿದ್ದಳು. ಪಲ್ಜೆಸ್ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಹಾಗೇ ಕೂತಿದ್ದಳು, ಕಣ್ಣು ಒಣಗಿತ್ತು.

ವಿಭಾ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ಸಿನಿಮಾದವರೆಲ್ಲ ಚಪ್ಪಾಳೆ ತಟ್ಟಿದರು. ಪರಾಗ್ ಎದ್ದು ಕೂತು ಹಲ್ಲು ಕಡಕಡ ಅನ್ನಿಸುತ್ತ, ಹೇಗಿತ್ತು ಅಂತ ಎಲ್ಲರ ಮುಖ ನೋಡಿದ. ನಮ್ಗೈಲ್ ಒಬ್ಬನೇ ವಿಭಾಳ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು, ಏನು ನಡೆಯಿತೆಂದು ಹೇಳಿದ. ಅವಳ ಮುಖ ಇಳಿದುಹೋಯಿತು. "ಅಯ್ಯೋ, ನನಗೆ ಗೊತ್ತಿರಲಿಲ್ಲ. ಮುಂಬೈಗೆ ಹೋದ ಮೇಲೆ ಆ ಹೆಸರು ಅಳಿಸಿ ಹಾಕ್ತೀನಿ ಅಂತ ಹೇಳು. ಒಂದಕ್ಷರ ಉಳಿಸಲ್ಲ. ನನ್ನಾಣೆ," ಎಂದಳು.

"ಮುಂಬೈಲಿ ಅಳಿಸ್ತಾರಂತೆ," ಎಂದಳು ಪಲ್ಜೆಸ್, ಮನೆಗೆ ಬಂದ ಮೇಲೆ, ಗಂಡನ ಹತ್ತಿರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಯಾಮೆರಾ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಅಳಿಸಬಹುದು. ಗುಡ್ಡಕ್ಕೆ ಬಡಿದು ಮೇಲೆ ಹೋದದ್ದನ್ನು ಯಾರು ಅಳಿಸುತ್ತಾರೆ? ಮೊರುಪ್ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಆ ದಿನ ಅವಳ ಕೈಯ ಹಿಟ್ಟಿಗೆ ಉಪ್ಪು ಬೀಳಲಿಲ್ಲ, ಯಾರೂ ಕೇಳಲಿಲ್ಲ.

ಬೆಳಿಗ್ಗೆ ಎದ್ದವಳೇ ಗೊಂಪಾ ಹತ್ತಿದಳು. ಅವಳ ಹಿಂದೆಯೇ ನಮ್ಗೈಲ್ ಕೂಡ ಹತ್ತಿ ಬಂದ. ಲಾಮಾರ ಕ್ಷಮೆ ಕೇಳಿಕೊಂಡು ಬಾ ಅಂತ ವಿಭಾ ಅವನ ಕೈಯಲ್ಲಿ ಬಿಳಿಯ ಖತಕ್ ವಸ್ತ್ರ ಕೊಟ್ಟು ಕಳಿಸಿದ್ದಳು. ಒಳಗೆ ಮಾತು ನಡೆದದ್ದು ಕಂಡು ಹೊಸ್ತಿಲಲ್ಲೇ ನಿಂತ. ಪಲ್ಜೆಸ್ ಅವತ್ತು ಕೂಗಲಿಲ್ಲ. ಕೂಗುವ ತ್ರಾಣ ಇರಲಿಲ್ಲ. ಆದರೂ ಮುದುಕರಿಗೆ ವಿಷಯ ಗೊತ್ತಿತ್ತು. ಇಂಥ ಸುದ್ದಿ ಇಳಿಜಾರಿನಲ್ಲೂ ಮೇಲಕ್ಕೆ ಹತ್ತುತ್ತದೆ.

"ಅವನು ಹೋಗಿ ಎಷ್ಟೋ ಕಾಲ ಆಯ್ತಲ್ಲಮ್ಮಾ," ಎಂದರು ಅವರು, ಕೂಗಿಯೇ. ಕಿವಿ ಮಂದದವರ ಮಾತು ಯಾವಾಗಲೂ ಜೋರು. "ಈ ಹೊತ್ತಿಗೆ ಎಲ್ಲೋ ಹುಟ್ಟಿ ಬೆಳೀತಿರ್ತಾನೆ. ದಾರಿ ಗೀರಿ ಎಲ್ಲಾ ಮುಗಿದಿದೆ."

"ಅದೇ ನಂಗೆ ಭಯ, ಮೆಮೆ-ಲೆ," ಎಂದಳು ಪಲ್ಜೆಸ್. ಮಾತು ತಡೆದು ತಡೆದು ಬಂತು. "ಯಾರದ್ದೋ ಮನೇಲಿ ಐದು ವರ್ಷದ ಮಗು ಆಗಿರ್ತಾನೆ. ಅವರಮ್ಮ ತಟ್ಟೆ ಮುಂದೆ ಕೂರಿಸ್ಕೊಂಡು ತುತ್ತು ಕೊಡ್ತಿರ್ತಾಳೆ. ನಿನ್ನೆ ನಾನು ಕರೆದಾಗ ಉಣ್ಣೋದು ಬಿಟ್ಟು ಬಾಗಿಲ ಕಡೆ ತಿರುಗಿ ನೋಡಿರ್ತಾನೆ. ಯಾರು ಕರೆದ್ರು ಅಂತ ಅವನಿಗೆ ಗೊತ್ತಾಗಲ್ಲ. ಇನ್ನು ದಿನಾ ನೋಡ್ತಾನೆ. ಬಾಗಿಲು ನೋಡೋ ಮಕ್ಕಳು ಬಾಳಲ್ಲ ಅಂತಾರಲ್ಲ. ಆ ತಾಯಿ ಏನು ಮಾಡಿದ್ಲು ನಂಗೆ? ನಾನೇ ಅವಳ ಮಗೂನ ಕಿತ್ಕೊಂಡ ಹಾಗಾಯ್ತಲ್ಲ!"

ಮೆಮೆ ಛೋಫೆಲ್ ಜಪಮಾಲೆಯನ್ನು ಮಡಿಲಲ್ಲಿ ಇಟ್ಟರು. "ನನ್ನ ಪೋಥಿಗಳಲ್ಲಿ ಇದಕ್ಕೇನೂ ಬರೆದಿಲ್ಲ," ಎಂದರು. "ನಮ್ಮಮ್ಮ ಒಂದು ಮಾತು ಹೇಳ್ತಿದ್ಲು. ಕರೆದ ಕರೆಗೆ ಬದುಕಿರೋನು ಒಬ್ಬ ಓ ಅಂದ್ಬಿಟ್ರೆ, ಆ ಕರೆ ಅವನ ಹತ್ರಕ್ಕೇ ನಿಂತ್ಹೋಗುತ್ತೆ. ಮುಂದಕ್ಕೆ ಹೋಗಲ್ಲ. ಆದ್ರೆ ಯಾರ ಮುಖ ನೋಡ್ಕೊಂಡು ಕರೆದ್ಯೋ ಅವನೇ ಅನ್ಬೇಕು."

"ಆ ಹುಡುಗಾನಾ?"

"ಅವನೇ."

"ಅಂದ್ರೆ ಅವನಿಗೆ ಏನೂ ಆಗಲ್ವಾ?"

"ಆಗಲ್ಲ. ಆಗುತ್ತೋ ಏನೋ, ನಾನು ಹೆಂಗೆ ಹೇಳ್ಲಿ? ಸತ್ತವನ ಹೆಸರಿಗೆ ಓ ಅಂದ ಹಾಗೆ. ಅಷ್ಟು ಭಾರ ಹೊತ್ಕೊಂಡ ಹಾಗೆ."

ಪಲ್ಜೆಸ್ ಎದ್ದು ನಿಂತಳು. "ಹಂಗಾದ್ರೆ ಬೇಡ. ಅವನೂ ಒಬ್ಬ ತಾಯಿ ಮಗ. ಪುಣೆಯಿಂದ ಅವರಮ್ಮ ಫೋನು ಸಿಕ್ಕಿದಾಗೆಲ್ಲ ಮಗ ಉಂಡ್ನಾ, ಬೆಚ್ಚಗಿದಾನಾ ಅಂತ ಕೇಳ್ತಾಳೆ. ಅವಳ ಮಗನ ತಲೆಗೆ ನನ್ನ ಹೊರೆ ಕಟ್ಲಾ? ನನ್ನ ಬಾಯಿ ಮಾಡಿದ್ದು, ನಾನೇ ಉಣ್ತೀನಿ."

ಹೊರಗೆ ಬರುವಾಗ ಹೊಸ್ತಿಲಲ್ಲಿ ನಮ್ಗೈಲ್ ಕಂಡ. ಎಲ್ಲ ಕೇಳಿಸಿಕೊಂಡಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು. "ಆ ಹುಡುಗನ ಮುಂದೆ ಒಂದು ಮಾತು ಬಾಯಿ ಬಿಟ್ಯೋ, ನಿನ್ನ ನಾಲಿಗೆ ಕಿತ್ತು ಝೋಮೊಗೆ ಹಾಕ್ತೀನಿ, ತಿಳೀತಾ?" ಎಂದಳು. ನಮ್ಗೈಲ್ ಹೂಂ ಎಂದ. ಲೇಹ್‌ನವರ ಹೂಂ ನಂಬಿ ಕೆಟ್ಟವರು ನಮ್ಮ ಕಣಿವೆಯಲ್ಲಿ ಬೇಕಾದಷ್ಟು ಜನರಿದ್ದಾರೆ.

ವಿಭಾಗೆ ಅದೇ ದೃಶ್ಯವನ್ನು ಇನ್ನೊಂದು ಮಗ್ಗುಲಿನಿಂದ ತೆಗೆಯುವುದಿತ್ತು. ಕೇಳಲು ಅವಳಿಗೇ ಬಾಯಿ ಬರಲಿಲ್ಲ. ಅರ್ಧ ದಿನ ಸುಮ್ಮನೆ ಅಡ್ಡಾಡಿದಳು. ಕಡೆಗೆ ತಾನೇ ಪಲ್ಜೆಸಳ ಮನೆಗೆ ಬಂದು, ಒಲೆ ಮುಂದೆ ಕೂತು, "ಮಾತೇ ಬೇಡ ಅಮಾ-ಲೆ. ಸುಮ್ಮನೆ ಅವನ ಪಕ್ಕ ಕೂತು, ಗೋಂಚಾ ಹೊದಿಸಿದರೆ ಸಾಕು. ಬೇಡ ಅಂದರೆ ಅದೂ ಬೇಡ," ಎಂದಳು. ಪಲ್ಜೆಸ್ ಅವಳ ಒಡೆದ ತುಟಿ ನೋಡಿ, ಗೂಡಿನಿಂದ ಜರದಾಳು ಬೀಜದ ಎಣ್ಣೆ ತೆಗೆದು ಸವರಿದಳು. "ಬರ್ತೀನಿ ಅಂತ ಹೇಳು. ಒಪ್ಪಿದ ಕೆಲಸ ಅರ್ಧಕ್ಕೆ ಬಿಡೋ ಜಾಯಮಾನ ನಂದಲ್ಲ," ಎಂದಳು ನಮ್ಗೈಲ್‌ಗೆ. ಪರಾಗ್ ಮೂಲೆಯಲ್ಲಿ ಕೂತು ಥುಕ್ಪಾ ಕುಡಿಯುತ್ತಿದ್ದ. ಯಾವತ್ತೂ ಇನ್ನಷ್ಟು ಹಾಕಿಸಿಕೊ ಅಂತ ಗದರುವವಳು ಅವತ್ತು ಅವನ ಕಡೆ ತಿರುಗಿಯೂ ನೋಡಲಿಲ್ಲ. ತಾನೇನೋ ತಪ್ಪು ಮಾಡಿದೆ ಅಂದುಕೊಂಡು ಹುಡುಗ ಮೆಲ್ಲಗೆ ಬಟ್ಟಲು ತಾನೇ ತೊಳೆದಿಟ್ಟ.

ಮರುದಿನ ಮತ್ತೆ ಅದೇ ಹೊಲ. ಗೋಡೆಯ ಮೇಲೆ ಜನ ಇದ್ದರು, ಆದರೆ ಯಾರೂ ಫ್ಲಾಸ್ಕು ತಂದಿರಲಿಲ್ಲ. ಮೊರುಪ್ ಕೂಡ ಒಲೆ ಬಿಟ್ಟು ಬಂದು ಅಂಚಿನಲ್ಲಿ ನಿಂತಿದ್ದ. ಪರಾಗ್ ಮಲಗಿದ. ಪಲ್ಜೆಸ್ ಬಂದು ಕೂತಳು. ವಿಭಾ ಕೈ ಎತ್ತಿ ಸದ್ದಿಲ್ಲದೆ ಸನ್ನೆ ಮಾಡಿದಳು, ಕ್ಯಾಮೆರಾ ಓಡತೊಡಗಿತು.

ಪಲ್ಜೆಸ್ ಗೋಂಚಾ ಬಿಚ್ಚಿ ಅವನಿಗೆ ಹೊದಿಸಿದಳು. ತುಟಿ ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಈ ಸಲ ಬಾಯಿಂದ ಗಾಳಿಯೂ ಹೊರಬಿಡುವುದಿಲ್ಲ ಅನ್ನುವ ಹಾಗೆ. ಅವನ ಕೆನ್ನೆಯ ಮೇಲಿನ ಹಿಮ ಒರೆಸಲು ಕೈ ಚಾಚಿದಳು.

ಹೆಣ ಕಣ್ಣು ಬಿಟ್ಟಿತು.

"ಓ, ಅಮಾ-ಲೆ," ಎಂದ ಪರಾಗ್. ನಮ್ಮ ಭಾಷೆಯಲ್ಲಿ. ಉಚ್ಚಾರ ಸೊಟ್ಟಗಿತ್ತು, ಒಂದೊಂದೇ ಮಾತು ಕಷ್ಟಪಟ್ಟು ಬರುತ್ತಿತ್ತು, ರಾತ್ರಿಯೆಲ್ಲ ನಮ್ಗೈಲ್ ಜೊತೆ ಕೂತು ಬಾಯಿಪಾಠ ಮಾಡಿದ್ದು ಕಾಣುತ್ತಿತ್ತು. "ಮೊನ್ನೆ ಕರೆದೆಯಲ್ಲ. ಆಗ ಓ ಅನ್ಲಿಲ್ಲ. ಈಗ ಅಂತಿದೀನಿ. ಓ."

ಪಲ್ಜೆಸ್ ಮುಷ್ಟಿ ಕಟ್ಟಿ ಅವನ ಎದೆಗೆ ಗುದ್ದಿದಳು. "ಬೇಡ ಅಂದಿದ್ನಲ್ಲೋ! ಯಾರೋ ನಿಂಗೆ ಹೇಳಿದ್ದು? ನಿಮ್ಮಮ್ಮ ಇದಾಳೆ ಕಣೋ, ನಿಮ್ಮಮ್ಮನಿಗೆ ಏನು ಹೇಳ್ಲಿ ನಾನು?" ಎಂದಳು. ಅವನಿಗೆ ಅದೊಂದೂ ತಿಳಿಯಲಿಲ್ಲ. ಗುದ್ದಿದ ಕೈಯನ್ನು ಹಿಡಿದುಕೊಂಡು, ಕಲಿತಿದ್ದ ಮಾತಿನಲ್ಲಿ ಉಳಿದಿದ್ದನ್ನೂ ಹೇಳಿದ.

"ಯಾಕೆ ಕರೆದೆ, ಅಮಾ-ಲೆ?"

ಓ ಅಂದು ಯಾಕೆ ಅಂತ ಕೇಳಿದವನಿಗೆ ಉತ್ತರ ಕೊಡದೆ ಇರಲಾಗುವುದಿಲ್ಲ. ಮಕ್ಕಳನ್ನು ಯಾತಕ್ಕೆಲ್ಲ ಕರೆಯುತ್ತೇವೆ! ನೀರು ತಾ, ಕರು ಕಟ್ಟು, ಉಣ್ಣಲು ಬಾ. ಪಲ್ಜೆಸ್ ಹುಡುಗನ ಮುಖ ನೋಡಿದಳು, ಆಮೇಲೆ ಅವನ ತಲೆಯ ಮೇಲಿಂದ ಆಚೆ, ನದಿಯ ಕಡೆಗೆ ನೋಡಿದಳು.

"ಏನಿಲ್ಲ ಕಣಪ್ಪಾ," ಎಂದಳು. "ಸುಮ್ನೆ ಕರೆದೆ. ಏನೂ ಕೆಲಸ ಇಲ್ಲ. ನೀ ಉಣ್ಣೋದು ಉಣ್ಣು. ಈ ಕಡೆ ನೋಡ್ಬೇಡ. ನಾವು ಚೆನ್ನಾಗಿದೀವಿ, ನಿಮ್ಮಪ್ಪಾನೂ ಚೆನ್ನಾಗಿದಾನೆ. ನಿನ್ ಪಾಡಿಗೆ ನೀನು ಆಟ ಆಡ್ಕೋ, ಹೋಗು."

ಅಷ್ಟು ಹೇಳಿ ಪರಾಗ್‌ನ ಎದೆಯ ಮೇಲೆ ಮುಖವಿಟ್ಟು ಅತ್ತಳು. ಸಿನಿಮಾದಲ್ಲಿ ಅಳುವ ಹಾಗಲ್ಲ. ಮೂಗು ಸೋರಿಸಿಕೊಂಡು, ಬಿಕ್ಕಿ ಬಿಕ್ಕಿ, ಉಸಿರು ಸಿಕ್ಕಿ ಕೆಮ್ಮಿ, ಮತ್ತೆ ಅತ್ತಳು. ಹುಡುಗ ಹಿಮದಲ್ಲಿ ಹಾಗೇ ಮಲಗಿ ಅವಳ ಬೆನ್ನು ಸವರುತ್ತಿದ್ದ. ವಿಭಾ ಕ್ಯಾಮೆರಾದವನ ಭುಜ ಮುಟ್ಟಿ, "ನಿಲ್ಲಿಸು," ಎಂದಳು. ಅವನು ಅವಳ ಮುಖ ನೋಡಿದ. "ನಿಲ್ಲಿಸು ಅಂದೆ," ಎಂದಳು ಮತ್ತೆ, ಕಣ್ಣೊರೆಸಿಕೊಂಡು. ಮೊರುಪ್ ಅಂಚಿನಿಂದ ಇಳಿದು, ಹಿಮದಲ್ಲಿ ಎಡವುತ್ತ, ಹೆಂಡತಿಯ ಕಡೆಗೆ ಹೊರಟಿದ್ದ.

ಗೋಡೆಯ ಮೇಲೆ ಇಬ್ಬರು ಮೂವರು ಮುದುಕಿಯರು ಎದ್ದು ನಿಂತರು. "ಹೋಗಿ ಹಿಡ್ಕೊಳ್ರೇ, ಅಳಬಾರ್ದು ಅಂತ ಹೇಳ್ರೇ," ಎಂದು ಒಬ್ಬಳು ಗೊಣಗಿದಳು.

ಯಾಂಗ್‌ಡೋಲ್ ಅವಳ ಗೋಂಚಾ ಹಿಡಿದೆಳೆದು ಕೂರಿಸಿದಳು. "ಕೂತ್ಕೊಳ್ಳೇ ಸುಮ್ನೆ," ಎಂದಳು. ಅವಳ ಮುಖವೂ ಒದ್ದೆಯಾಗಿತ್ತು. "ಅಳ್ಲಿ ಬಿಡು. ಬದುಕಿರೋನ ಮೇಲೆ ತಾನೆ ಅಳ್ತಿರೋದು."